ನಮ್ಮ ‘ಅಂತ’ ಅವರ ‘ದಟ್’ ಅಲ್ಲ

ಒಂದೇ ತಿಂಗಳಲ್ಲಿ ಇಂಗ್ಲಿಷಿನ ಇದೇ ತಪ್ಪು ಕಣ್ಣಿಗೆ ಬಿದ್ದದ್ದು ಇದು ಮೂರನೇ ಸಲ. ಮೊದಲು ಕಂಡದ್ದು ಶಿವಮೊಗ್ಗದ ಜೆರಾಕ್ಸ್ ಅಂಗಡಿಯೊಂದರಲ್ಲಿ ಮಾರುವ ಗ್ರಾಮರ್ ನೋಟ್ಸಿನಲ್ಲಿ. ಆಮೇಲೆ ಕೆಲಸ ಹುಡುಕುತ್ತಿದ್ದ ಹುಡುಗನೊಬ್ಬನ ಪತ್ರದಲ್ಲಿ. ಮೊನ್ನೆ ತೀರ್ಥಹಳ್ಳಿ ಹತ್ತಿರದ ನಮ್ಮನೆಯಲ್ಲೇ, ಅಕ್ಕನ ಮಗಳ ಟ್ಯೂಷನ್ ಪುಸ್ತಕದಲ್ಲಿ. ‘ರಿಪೋರ್ಟೆಡ್ ಕ್ವೆಶ್ಚನ್’ (ಒಬ್ಬರು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರಿಗೆ ತಿಳಿಸುವುದು) ಅಂತ ದಪ್ಪಕ್ಷರದ ತಲೆಬರಹ, ಅದರ ಕೆಳಗೆ ‘ಹಿ ಆಸ್ಕ್ಡ್ ಮಿ ದಟ್ ವೇರ್ ಆರ್ ಯು ಗೋಯಿಂಗ್?’ ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಮಾರ್ಕು ಬೇರೆ! ಇನ್ನು ಸುಮ್ನಿರೋದು ಕಷ್ಟ.

ಸರಿಯಾದದ್ದು ‘ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್’. ದಟ್ ಇಲ್ಲ, ‘ಆರ್ ಯು’ ಇಲ್ಲ, ಕೊನೆಯಲ್ಲಿ ಪ್ರಶ್ನೆ ಚಿಹ್ನೆಯೂ ಇಲ್ಲ. ‘ಯು’ ಹೋಗಿ ‘ಐ’ ಆಗೋದು, ‘ಟುಡೇ’ ಹೋಗಿ ‘ದಟ್ ಡೇ’ ಆಗೋದು ಎಲ್ಲ ಪುಸ್ತಕದಲ್ಲೂ ಇದೆ, ಅದನ್ನು ಬಿಡಿ. ನನ್ನ ಜಗಳ ಆ ಹಾಳು ದಟ್ ಜೊತೆ.

“ಇಲ್ಲಿ ದಟ್ ಎಂತಕ್ಕೆ ಹಾಕಿದ್ದು?” ಅಂತ ಕೇಳಿದೆ. ಜಗಲಿಯಲ್ಲಿ ಅಡಿಕೆ ಸುಲಿತ ನಡೆದಿತ್ತು. ಅಮ್ಮ ಮೆಟ್ಟುಗತ್ತಿ ಮುಂದೆ ಕೂತಿದ್ದಳು. ಹುಡುಗಿ ಪಕ್ಕದಲ್ಲಿ ಪುಸ್ತಕ ಹರಡಿಕೊಂಡಿದ್ದಳು. “ಎಲ್ಲಿಗೆ ಹೋಗ್ತಿದ್ದೀಯ ಅಂತ ಕೇಳ್ದ. ಅಂತ ಅಂದ್ರೆ ದಟ್ ಅಲ್ವಾ ಮಾವ?”

ಅಲ್ಲ ಮಾರಾಯ್ತಿ. ಗೊಂದಲ ಹುಟ್ಟಿದ್ದೇ ಇಲ್ಲಿ.

ನಮ್ಮ ‘ಎಂದು’ ಬಂದದ್ದು ‘ಎನ್ನು’ ಧಾತುವಿನಿಂದ. ತಿನ್ನು, ತಿಂದು ಇದ್ದ ಹಾಗೇ ಎನ್ನು, ಎಂದು. ಆಡುಮಾತಿನ ‘ಅಂತ’ ಕೂಡ ‘ಅನ್ನು’ವಿನ ಮಗುವೇ, ‘ಅನ್ನುತ್ತ’ ಬಾಯಲ್ಲಿ ಸವೆದು ‘ಅಂತ’ ಆಗಿದೆ. ಅಂದರೆ ‘ಎಲ್ಲಿಗೆ ಹೋಗ್ತಿದ್ದೀಯ ಅಂತ ಕೇಳಿದ’ ಎನ್ನುವಾಗ ನಾವು ಎರಡು ಸಲ ಬಾಯಿ ತೆರೆಸುತ್ತೇವೆ. ಅವನು ಹಾಗೆ ಅಂದ, ಕೇಳಿದ. ಅವನ ಬಾಯಿಂದ ಬಂದ ಮಾತು ಮುಕ್ಕಾಗದೆ ಒಳಗೆ ಕೂತಿರುತ್ತದೆ. ‘ಹೋಗ್ತಿದ್ದೀಯ’ ಎಂಬುದು ‘ಹೋಗ್ತಿದ್ದೆ’ ಆಗಬೇಕಾಗಿಲ್ಲ. ಅಚ್ಚಿನ ಕಾಲದಲ್ಲಿ ಉದ್ಧರಣ ಚಿಹ್ನೆಗಳು ಬರುವ ಎಷ್ಟೋ ಮೊದಲಿಂದ ಆ ಕೆಲಸ ಮಾಡಿಕೊಂಡು ಬಂದದ್ದು ಇದೇ ಎಂದು, ಅಂತ.

ಇಂಗ್ಲಿಷಿನ ದಟ್‌ಗೆ ‘ಅನ್ನು’ವಿನ ಸಂಬಂಧವೇ ಇಲ್ಲ. ಅದು ಬೆರಳು ತೋರಿಸುವ ಪದ, ನಮ್ಮ ‘ಅದು’ ಇದ್ದ ಹಾಗೆ. ‘ನಂಗೆ ಅದು ಗೊತ್ತು, ಅವನು ಬಂದ’ ಎಂಬಂಥ ಎರಡು ತುಂಡುಗಳು ಅಂಟಿಕೊಂಡು ‘ಐ ನೋ ದಟ್ ಹಿ ಕೇಮ್’ ಆಗಿದೆ. ಅದು ಬೆರಳು ತೋರಿಸುವುದು ಹೀಗೆ ನೇರವಾಗಿ ಹೇಳುವ ಸಂಗತಿಯ ಕಡೆಗೆ. ಪ್ರಶ್ನೆ ಹಾಗಲ್ಲ. ಅದರ ತಲೆಯಲ್ಲಿ ವೇರ್, ವಾಟ್, ವೆನ್ ಎಂಬ ಕೊಂಡಿ ಆಗಲೇ ಇದೆ. ಇರುವ ಕೊಂಡಿಗೆ ಇನ್ನೊಂದು ಕೊಂಡಿ ಸಿಕ್ಕಿಸುವುದೇಕೆ?

ಇನ್ನು ಪದಗಳ ಸಾಲು. ಇಂಗ್ಲಿಷಿನಲ್ಲಿ ‘ಆರ್’ ಹಾರಿ ‘ಯು’ವಿನ ಮುಂದೆ ಬಂತು ಅಂದರೆ ಕೇಳುತ್ತಿದ್ದಾರೆ ಅಂತ ಅರ್ಥ. ಬೇರೆಯವರು ಕೇಳಿದ್ದನ್ನು ತಿಳಿಸುವಾಗ ನಾವೇನೂ ಕೇಳುತ್ತಿಲ್ಲವಲ್ಲ, ಹಾಗಾಗಿ ಅದು ತನ್ನ ಜಾಗಕ್ಕೆ ವಾಪಸ್ ಹೋಗುತ್ತದೆ. ಪ್ರಶ್ನೆಯಲ್ಲಿ ಡು, ಡಸ್, ಡಿಡ್ ಬಂದದ್ದೇ ಹಾರುವ ಕೆಲಸಕ್ಕೆ. ಕೆಲಸ ಮುಗೀತು, ಅವೂ ಮನೆಗೆ. ‘ಹೂ ಕೇಮ್?’ ಎಂಬಲ್ಲಿ ಮೊದಲಿಂದಲೂ ಯಾವುದೂ ಹಾರಿಲ್ಲ, ಅದಕ್ಕೇ ನಮ್ಮ ಮಕ್ಕಳು ಅದೊಂದನ್ನು ತಪ್ಪುವುದು ಕಡಿಮೆ. ಕನ್ನಡದಲ್ಲಿ ಈ ಹಾರಾಟವೇ ಇಲ್ಲ, ಹಾಗಾಗಿ ಹಾರಿದ್ದನ್ನು ವಾಪಸ್ ಕೂರಿಸುವ ಅಭ್ಯಾಸವೂ ಇಲ್ಲ. ಹಾಗೆ ನೋಡಿದರೆ ಐರ್ಲೆಂಡಿನ ಜನ ಮಾತಿನಲ್ಲಿ ‘ಹಿ ಆಸ್ಕ್ಡ್ ಮಿ ವಾಸ್ ಐ ಗೋಯಿಂಗ್’ ಅಂತಲೇ ಅನ್ನುತ್ತಾರೆ. ಆದರೆ ನಮ್ಮ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವವರು ಐರ್ಲೆಂಡಿನವರಲ್ಲ. ಅಲ್ಲಿಯೂ ದಟ್ ಇಲ್ಲ, ಗಮನಿಸಿ.

ಕನ್ನಡದ ಆಧಾರವೇ ಬೇಕು ಅಂದರೆ ‘ಅಂತ’ವನ್ನು ಬಿಟ್ಟು ‘ಓ’ಕಾರ ಹಿಡಿಯಬೇಕು. ‘ಎಲ್ಲಿಗೆ ಹೋದ?’ ಅಂದರೆ ಪ್ರಶ್ನೆ. ‘ಎಲ್ಲಿಗೆ ಹೋದನೋ ಗೊತ್ತಿಲ್ಲ’ ಅಂದರೆ ಪ್ರಶ್ನೆ ಒಳಗಿದೆ, ಆದರೆ ಯಾರೂ ಕೇಳುತ್ತಿಲ್ಲ. ಕೊನೆಯ ಓ ಅದರ ಹಲ್ಲು ಕಿತ್ತಿದೆ. ‘ಯಾರು ಬಂದ್ರೋ ನೋಡು’, ‘ಎಷ್ಟಾಯ್ತೋ ಹೇಳು’ ಎಲ್ಲ ಇದೇ ಜಾತಿ. ಇಂಗ್ಲಿಷ್ ತನ್ನ ಪದಗಳನ್ನು ನೆಟ್ಟಗೆ ಕೂರಿಸಿ ಮಾಡುವ ಕೆಲಸವನ್ನು ನಾವು ಒಂದು ಓ ಹಾಕಿ ಮುಗಿಸುತ್ತೇವೆ. ಹೌದು-ಇಲ್ಲ ಪ್ರಶ್ನೆಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ‘ಬರ್ತಾನಾ?’ ಎಂಬುದು ‘ಬರ್ತಾನೋ ಇಲ್ವೋ ಕೇಳು’ ಆಗುತ್ತದೆ. ಆ ‘ಓ ಇಲ್ವೋ’ ಜಾಗದಲ್ಲಿ ಅವರಿಗಿರುವುದು ‘ವೆದರ್’. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥವೇ ‘ಎರಡರಲ್ಲಿ ಯಾವುದು’. ‘ಇಫ್’ ಹಾಕಿದರೂ ನಡೆಯುತ್ತದೆ. ‘ದಟ್ ವೆದರ್’ ಮಾತ್ರ ಬೇಡ, ಕೈ ಮುಗಿಯುತ್ತೇನೆ.

ಕಾಲದ ಬಗ್ಗೆ ಒಂದೇ ಮಾತು. ‘ಆಸ್ಕ್ಡ್’ ಬಂದರೆ ಒಳಗಿನ ‘ಇಸ್’ ಸಾಮಾನ್ಯವಾಗಿ ‘ವಾಸ್’ ಆಗುತ್ತದೆ. ಈಗಲೂ ನಿಜವಾಗಿರುವ ಸಂಗತಿಯಾದರೆ ಹಾಗೇ ಬಿಟ್ಟರೂ ತಪ್ಪಿಲ್ಲ. ಪ್ರವಾಸಿಯೊಬ್ಬ ಜೋಗ ಎಲ್ಲಿದೆ ಅಂತ ಕೇಳಿದರೆ ‘ಹಿ ಆಸ್ಕ್ಡ್ ವೇರ್ ಜೋಗ್ ವಾಸ್’ ಸರಿ, ‘ವೇರ್ ಜೋಗ್ ಇಸ್’ ಕೂಡ ಸರಿ. ‘ವಾಸ್’ ಅಂದಮಾತ್ರಕ್ಕೆ ಜೋಗ ಮಾಯವಾಗಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿನ ನಂತರ ಬೇಸಿಗೆಯಲ್ಲಿ ಹೋಗಿ ಬರೀ ಬಂಡೆ ನೋಡಿ ಬಂದವರಿಗೆ ಆ ‘ವಾಸ್’ ಜಾಸ್ತಿ ಹಿಡಿಸಬಹುದು, ಅದು ಬೇರೆ.

ಇಷ್ಟೆಲ್ಲ ಹೇಳುತ್ತಿರುವಾಗ ಅಮ್ಮ ತಲೆ ಎತ್ತದೆ ಕೇಳಿದಳು, “ಶಿವಮೊಗ್ಗ ಮಂಡೀಲಿ ರಾಶಿ ಅಡಿಕೆ ರೇಟ್ ಎಷ್ಟಂತೆ?”

ನೋಡಿ ಈ ‘ಅಂತೆ’! ಜನ ಏನು ಹೇಳುತ್ತಾರೆ ಎಂಬ ಪ್ರಶ್ನೆ ಹೊರಗೆ, ರೇಟಿನ ಪ್ರಶ್ನೆ ಒಳಗೆ. ಇಂಗ್ಲಿಷಿನಲ್ಲಿ ‘ವಾಟ್ ಡು ದೇ ಸೇ ದ ರೇಟ್ ಇಸ್?’ ಆಗುತ್ತದೆ. ಹೊರಗಿನದು ಮಾತ್ರ ಹಾರುತ್ತದೆ, ಅದಕ್ಕೇ ಅಲ್ಲಿ ‘ಡು’ ಇದೆ. ಒಳಗಿನ ‘ದ ರೇಟ್ ಇಸ್’ ನೆಟ್ಟಗೆ ಕೂತಿದೆ. ಇಲ್ಲಿ ನಿಜವಾಗಿಯೂ ಕೇಳುತ್ತಿರುವುದರಿಂದ ಪ್ರಶ್ನೆ ಚಿಹ್ನೆ ಬೇಕು. ಹುಡುಗಿ ‘ಇಸ್ ದ ರೇಟ್’ ಅಂತ ಬರೆದು, ನನ್ನ ಮುಖ ನೋಡಿ ಹೊಡೆದುಹಾಕಿ, ಸರಿಯಾಗಿ ಬರೆದಳು. ದಟ್ ಹಾಕಲಿಲ್ಲ.

“ಅದೆಲ್ಲ ಇರ್ಲಿ,” ಅಂದಳು ಅಮ್ಮ, “ರೇಟ್ ಎಷ್ಟಂತೆ?”