ದೊಡ್ಡ ಮಳಿಗೆಯಲ್ಲಿ ಯಾರನ್ನು ಕಾಣಬೇಕು? ಚಟ್ನಿಯ ಪೊಟ್ಟಣವೊಂದು ದಾಟಿ ಹೋಗುವ ವಿಭಾಗಗಳು

ಓದುಗರ ಪ್ರಶ್ನೆ: ನಾವು ಬ್ಯಾಡಗಿ ತಾಲ್ಲೂಕಿನ ಎಂಟು ಜನ ಹೆಣ್ಣುಮಕ್ಕಳು ಸೇರಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಸಂತೆಯಲ್ಲಿಯೂ ಕಿರಾಣಿ ಅಂಗಡಿಗಳಿಗೂ ಮಾರುತ್ತೇವೆ. ಹುಬ್ಬಳ್ಳಿಯ ದೊಡ್ಡ ಮಳಿಗೆಯೊಂದಕ್ಕೆ ಮೂರು ಸಲ ಹೋಗಿ ಮ್ಯಾನೇಜರರನ್ನು ಕಂಡೆವು. "ಅಕ್ಕಾರ, ಮಾಲು ಛಲೋ ಐತ್ರಿ, ಆದ್ರ ಅದು ನಮ್ಮ ಕೈಯಾಗಿಲ್ಲ" ಎಂದರು. ಅಷ್ಟು ದೊಡ್ಡ ಅಂಗಡಿಯ ಮ್ಯಾನೇಜರರ ಕೈಯಲ್ಲಿಲ್ಲದಿದ್ದರೆ ಮತ್ತಾರ ಕೈಯಲ್ಲಿದೆ? ಅಲ್ಲಿ ಯಾವ ವಿಭಾಗದವರು ಏನು ಮಾಡುತ್ತಾರೆ?

ಉತ್ತರ: ಮ್ಯಾನೇಜರರು ನಿಮ್ಮನ್ನು ಸಾಗಹಾಕಲು ಆ ಮಾತು ಹೇಳಿದರೆಂದು ಭಾವಿಸಬೇಡಿ, ಅವರು ನಿಜವನ್ನೇ ಹೇಳಿದ್ದಾರೆ. ಹತ್ತಾರು ಊರುಗಳಲ್ಲಿ ಮಳಿಗೆಗಳಿರುವ ಚಿಲ್ಲರೆ ವ್ಯಾಪಾರ ಸಂಸ್ಥೆಯಲ್ಲಿ ಯಾವ ಮಾಲನ್ನು ಕೊಳ್ಳಬೇಕೆಂದು ತೀರ್ಮಾನಿಸುವವರು ಒಬ್ಬರು, ಬಂದ ಮಾಲನ್ನು ಎಣಿಸಿ ಇಳಿಸಿಕೊಳ್ಳುವವರು ಇನ್ನೊಬ್ಬರು, ಮಾರುವವರು ಮತ್ತೊಬ್ಬರು, ಹಣ ಕೊಡುವವರು ಮಗದೊಬ್ಬರು. ಈ ನಾಲ್ಕು ಕೆಲಸಗಳು ಒಂದೇ ಕೈಗೆ ಸೇರದಂತೆ ಬೇಕೆಂದೇ ಬೇರೆ ಮಾಡಿರುತ್ತಾರೆ. ಧಾರವಾಡದ ಕಡಕ್ ರೊಟ್ಟಿ ಮಾಡುವವರಿಗೂ ಗದಗ–ಬೆಟಗೇರಿಯ ನೇಕಾರರಿಗೂ ಇದೇ ಪ್ರಶ್ನೆ ಎದುರಾಗುವುದರಿಂದ, ನಿಮ್ಮ ಚಟ್ನಿಯ ಒಂದು ಪೊಟ್ಟಣ ಮಳಿಗೆಯ ರ‍್ಯಾಕನ್ನು ಸೇರಿ, ಅದರ ಹಣ ನಿಮ್ಮ ಖಾತೆಗೆ ಮರಳುವವರೆಗೆ ಯಾರ ಯಾರ ಕೈ ದಾಟುತ್ತದೆ ಎಂಬ ದಾರಿಯನ್ನೇ ಹಿಡಿದು ಉತ್ತರಿಸುತ್ತೇನೆ.

ಮೊದಲು ನೀವು ಬಲ್ಲ ಅಂಗಡಿಯನ್ನೇ ನೆನೆಯಿರಿ. ಹುಬ್ಬಳ್ಳಿಯ ಪೇಟೆಯ ಹಳೆಯ ಕಿರಾಣಿ ವ್ಯಾಪಾರದಲ್ಲಿಯೂ ಕೆಲಸ ಹಂಚಿಕೆಯಾಗಿಯೇ ಇತ್ತು. ಸಾವಕಾರರು ಗಾದಿಯ ಮೇಲೆ ಕುಳಿತು ದರ ಕುದುರಿಸುತ್ತಿದ್ದರು, ಹಮಾಲರು ಚೀಲ ಇಳಿಸುತ್ತಿದ್ದರು, ದಿವಾಣಜಿ ಕಿರ್ದಿ ಬರೆಯುತ್ತಿದ್ದರು, ಹುಡುಗರು ತೂಗಿ ಕಟ್ಟಿಕೊಡುತ್ತಿದ್ದರು. ಆದರೆ ಇವೆಲ್ಲವೂ ಸಾವಕಾರರ ಕಣ್ಣೆದುರಿಗೆ, ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವು. ಮಾಲೀಕರ ಕಣ್ಣು ತಲುಪದಷ್ಟು ದೂರಕ್ಕೆ ವ್ಯಾಪಾರ ಹಬ್ಬಿದಾಗ ಆ ಕಣ್ಣಿನ ಕೆಲಸವನ್ನು ಕಾಗದಗಳು ಮಾಡಬೇಕಾಗುತ್ತದೆ. ಒಂದು ವಿಭಾಗ ಬರೆದ ಕಾಗದವನ್ನು ಇನ್ನೊಂದು ವಿಭಾಗ ತಾಳೆ ನೋಡುತ್ತದೆ. ತಾಳೆಯಾಗದ ಕಡೆ ಮಾಲು ನಿಲ್ಲುತ್ತದೆ ಅಥವಾ ಹಣ ನಿಲ್ಲುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

ನೀವು ಮೊದಲು ಕಾಣಬೇಕಾದುದು ಖರೀದಿ ವಿಭಾಗವನ್ನು. ಇದು ಸಾಮಾನ್ಯವಾಗಿ ಮಳಿಗೆಯಲ್ಲಿ ಇರುವುದಿಲ್ಲ. ಸಂಸ್ಥೆಯ ಮುಖ್ಯ ಕಚೇರಿಯಲ್ಲಿಯೋ ವಲಯ ಕಚೇರಿಯಲ್ಲಿಯೋ ಇರುತ್ತದೆ. ಅಲ್ಲಿ ಒಣ ಕಿರಾಣಿ, ಹಣ್ಣು–ತರಕಾರಿ, ಹಾಲು ಮತ್ತು ಬೇಕರಿ, ಸಾಬೂನು–ಸೋಪಿನ ಪುಡಿ, ಬಟ್ಟೆ, ಪಾತ್ರೆ ಎಂದು ಸರಕಿನ ವರ್ಗಗಳನ್ನು ಮಾಡಿ, ಒಂದೊಂದು ವರ್ಗಕ್ಕೆ ಒಬ್ಬೊಬ್ಬ ಕೆಟಗರಿ ಮ್ಯಾನೇಜರರನ್ನು ನೇಮಿಸಿರುತ್ತಾರೆ. ನಿಮ್ಮ ಚಟ್ನಿಪುಡಿ ಹೆಚ್ಚಿನ ಕಡೆ ಉಪ್ಪಿನಕಾಯಿ, ಮಸಾಲೆಗಳನ್ನು ನೋಡಿಕೊಳ್ಳುವವರ ಪಾಲಿಗೆ ಬರುತ್ತದೆ. ಅವರು ರುಚಿ ನೋಡುತ್ತಾರೆ, ನಿಜ. ಆದರೆ ಅವರ ಮನಸ್ಸಿನಲ್ಲಿರುವ ಲೆಕ್ಕ ಬೇರೆ. ರ‍್ಯಾಕಿನ ಉದ್ದ ಹೆಚ್ಚುವುದಿಲ್ಲವಾದ್ದರಿಂದ ನಿಮ್ಮ ಪೊಟ್ಟಣಕ್ಕೆ ಜಾಗ ಕೊಡಬೇಕಾದರೆ ಬೇರೊಂದನ್ನು ಕೆಳಗಿಳಿಸಬೇಕು. ಇಳಿಸಿದ ಮಾಲು ತಿಂಗಳಿಗೆ ತಂದುಕೊಡುತ್ತಿದ್ದ ಲಾಭಕ್ಕಿಂತ ನಿಮ್ಮದು ಹೆಚ್ಚು ತರುತ್ತದೆಯೇ ಎಂಬುದೇ ಅವರಿಗೆ ಬೇಕಾದ ಉತ್ತರ. ಆದುದರಿಂದ ಅವರ ಬಳಿ ಹೋಗುವಾಗ ಚಟ್ನಿಯ ಜೊತೆಗೆ, ಸಂತೆಯಲ್ಲಿ ಮತ್ತು ಕಿರಾಣಿ ಅಂಗಡಿಗಳಲ್ಲಿ ತಿಂಗಳಿಗೆ ಎಷ್ಟು ಪೊಟ್ಟಣ ಹೋಗುತ್ತದೆ ಎಂಬ ನಿಮ್ಮ ಸ್ವಂತ ಲೆಕ್ಕದ ಪುಸ್ತಕವನ್ನೂ ಒಯ್ಯಿರಿ. ಹೊಗಳಿಕೆಯ ಮಾತಿಗಿಂತ ಆ ಪುಸ್ತಕದ ಎರಡು ಪುಟಗಳಿಗೆ ಅಲ್ಲಿ ಹೆಚ್ಚು ಬೆಲೆ.

ದರದ ಮಾತು ಬಂದಾಗ ಒಂದು ಕಡೆ ಬಹಳ ಎಚ್ಚರವಾಗಿರಬೇಕು. ನಾವು ಲಾಭವನ್ನು ಅಸಲಿನ ಮೇಲೆ ಲೆಕ್ಕ ಹಾಕುವ ರೂಢಿಯವರು. ದೊಡ್ಡ ಮಳಿಗೆಯವರು ಮಾರ್ಜಿನ್ ಎನ್ನುವುದನ್ನು ಸಾಮಾನ್ಯವಾಗಿ ಎಮ್‌ಆರ್‌ಪಿಯ ಮೇಲೆ ಲೆಕ್ಕ ಹಾಕುತ್ತಾರೆ. ತೆರಿಗೆಯನ್ನು ಬದಿಗಿಟ್ಟು ನೋಡಿದರೆ, 100 ರೂಪಾಯಿ ಎಮ್‌ಆರ್‌ಪಿಯ ಪೊಟ್ಟಣಕ್ಕೆ ಶೇ 30ರ ಮಾರ್ಜಿನ್ ಎಂದರೆ ನಿಮ್ಮ ಕೈಗೆ ಬರುವುದು 70 ರೂಪಾಯಿ. ನಿಮ್ಮ 70 ರೂಪಾಯಿಯ ಮೇಲೆ ಶೇ 30 ಸೇರಿಸಿದರೆ ಆಗುವುದು 91 ರೂಪಾಯಿ ಮಾತ್ರ. ಈ 9 ರೂಪಾಯಿಯ ಅಂತರವನ್ನು ಗಮನಿಸದೆ ಎಮ್‌ಆರ್‌ಪಿ ಮುದ್ರಿಸಿಕೊಂಡು ಬಂದು, ಕೊನೆಗೆ ಶೇಂಗಾ ಮತ್ತು ಮೆಣಸಿನಕಾಯಿಯ ಖರ್ಚೂ ಹುಟ್ಟದೆ ನೊಂದುಕೊಂಡವರನ್ನು ನಾನು ಕಂಡಿದ್ದೇನೆ. ಹೊಸ ಮಾಲನ್ನು ಪಟ್ಟಿಗೆ ಸೇರಿಸಲು ಕೆಲವು ಸಂಸ್ಥೆಗಳು ಶುಲ್ಕವನ್ನೂ ಕೇಳುತ್ತವೆ. ಅದು ಇದೆಯೋ ಇಲ್ಲವೋ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು.

ಖರೀದಿಯವರು ಒಪ್ಪಿದ ಮೇಲೆ ಪೊಟ್ಟಣ ಗುಣಮಟ್ಟ ಮತ್ತು ಕಾನೂನು ಪಾಲನೆಯ ವಿಭಾಗಕ್ಕೆ ಹೋಗುತ್ತದೆ. ಇವರು ಬೇಡವೆಂದರೆ ಖರೀದಿಯವರ ಒಪ್ಪಿಗೆಗೂ ಬೆಲೆಯಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಸಂಖ್ಯೆ, ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ, ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಬಳಕೆಯ ಅವಧಿ, ಬ್ಯಾಚ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಎಲ್ಲ ತೆರಿಗೆಗಳೂ ಸೇರಿದ ಎಮ್‌ಆರ್‌ಪಿ, ದೂರಿಗಾಗಿ ಸಂಪರ್ಕಿಸಬೇಕಾದ ಫೋನ್ ಸಂಖ್ಯೆ ಇವೆಲ್ಲವೂ ಲೇಬಲ್ಲಿನ ಮೇಲೆ ಇವೆಯೇ ಎಂದು ನೋಡುತ್ತಾರೆ. ನಿಮ್ಮ ವಿಷಯದಲ್ಲಿ ಇನ್ನೊಂದು ಮಾತಿದೆ: ಶೇಂಗಾ ಕೆಲವರಿಗೆ ಅಲರ್ಜಿ ತರುವ ಪದಾರ್ಥವಾದ್ದರಿಂದ ಅದನ್ನು ಲೇಬಲ್ಲಿನಲ್ಲಿ ಹಾಗೆಂದೇ ತಿಳಿಸಬೇಕೆಂದು ನಿಯಮವಿದೆ. ಒಂದೇ ಒರಳು, ಒಂದೇ ಮಿಕ್ಸರಿನಲ್ಲಿ ಗುರೆಳ್ಳು ಚಟ್ನಿಯನ್ನೂ ಮಾಡುತ್ತೀರಾದರೆ ಆ ಪೊಟ್ಟಣದ ಮೇಲೆಯೂ ಶೇಂಗಾದ ಅಂಶ ಇರಬಹುದೆಂದು ಬರೆಯುವುದು ಲೇಸು. ಸರಿಯಾಗಿ ಒಣಗಿಸದ ಶೇಂಗಾದಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಸಂಭವವಿರುವುದರಿಂದ ಪ್ರಯೋಗಾಲಯದ ವರದಿಯನ್ನು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅದು ತಿನ್ನುವವರ ಹೊಟ್ಟೆಯ ಪ್ರಶ್ನೆ.

ಇದಾದ ಮೇಲೆ ಮಾಹಿತಿ ತಂತ್ರಜ್ಞಾನದವರು ನಿಮ್ಮ ಮಾಲಿಗೆ ಗಣಕದಲ್ಲಿ ಒಂದು ಸಂಕೇತ ಸಂಖ್ಯೆ ತೆರೆಯುತ್ತಾರೆ. ಪೊಟ್ಟಣದ ಬಾರ್‌ಕೋಡ್, ತೂಕ, ದರ, ತೆರಿಗೆಯ ಪ್ರಮಾಣ ಎಲ್ಲವೂ ಅದಕ್ಕೆ ಅಂಟಿಕೊಂಡಿರುತ್ತವೆ. ಭಾರತದಲ್ಲಿ ಪಡೆದ ಬಾರ್‌ಕೋಡುಗಳು 890ರಿಂದ ಆರಂಭವಾಗುವುದನ್ನು ನೀವು ಗಮನಿಸಿರಬಹುದು. ಎಮ್‌ಆರ್‌ಪಿ ಏರಿಸಿದಾಗ ಈ ವಿಭಾಗಕ್ಕೆ ಮೊದಲೇ ತಿಳಿಸದಿದ್ದರೆ ಪೊಟ್ಟಣದ ಮೇಲೆ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ದರ ಬಂದು ಬಿಲ್ಲಿಂಗ್ ಕೌಂಟರಿನಲ್ಲಿ ಜಗಳವಾಗುತ್ತದೆ. ಮುದ್ರಿತ ಎಮ್‌ಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲವೆಂದು ಪೊಟ್ಟಣ ಸರಕುಗಳ 2011ರ ನಿಯಮಗಳು ಹೇಳುವುದರಿಂದ, ಅಂತಹ ಜಗಳದಲ್ಲಿ ಗಿರಾಕಿಯ ಮಾತೇ ನಡೆಯಬೇಕು.

ಎಷ್ಟು ತರಿಸಬೇಕೆಂಬುದನ್ನು ದಾಸ್ತಾನು ಯೋಜನೆಯವರು ಹಿಂದಿನ ಮಾರಾಟದ ಅಂಕಿಗಳನ್ನು ನೋಡಿ ನಿರ್ಧರಿಸುತ್ತಾರೆ. ಇಲ್ಲಿಯೇ ನಮ್ಮ ಭಾಗದವರಿಗೆ ಆಗಾಗ ಪೆಟ್ಟು ಬೀಳುವುದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವ ನಾಡಿನಲ್ಲಿ ಅದರ ಹಿಂದಿನ ವಾರ ಸಜ್ಜೆ ರೊಟ್ಟಿಗೂ ಚಟ್ನಿಗೂ ಇರುವ ಬೇಡಿಕೆ ಎಂಥದೆಂದು ನಮಗೆ ಗೊತ್ತು. ನಾಗರ ಪಂಚಮಿಯ ಉಂಡಿಗಾಗಿ ಶೇಂಗಾ, ಎಳ್ಳು, ಬೆಲ್ಲ, ಕೊಬ್ಬರಿ ಎಷ್ಟು ಹೋಗುತ್ತದೆಂದೂ ಗೊತ್ತು. ದೂರದ ಊರಿನ ಕಚೇರಿಯಲ್ಲಿ ಕುಳಿತವರಿಗೆ ಅದು ತಿಳಿಯುವುದು ಗಣಕದ ಹಳೆಯ ಅಂಕಿಗಳಿಂದ, ಮತ್ತು ಹೊಸ ಮಾಲಿಗೆ ಹಳೆಯ ಅಂಕಿಗಳೇ ಇರುವುದಿಲ್ಲ. ಹಬ್ಬಕ್ಕೆ ಒಂದೂವರೆ ತಿಂಗಳು ಮುಂಚೆಯೇ ನೀವು ಬರವಣಿಗೆಯಲ್ಲಿ ತಿಳಿಸಿ, ಮಳಿಗೆಯ ಮ್ಯಾನೇಜರರಿಂದಲೂ ಒಂದು ಮಾತು ಹೇಳಿಸುವುದು ಒಳ್ಳೆಯದು. ಸ್ಥಳೀಯ ಬೇಡಿಕೆಯ ವಿಷಯದಲ್ಲಿ ಅವರ ಮಾತಿಗೆ ಮುಖ್ಯ ಕಚೇರಿಯಲ್ಲಿ ತೂಕವಿರುತ್ತದೆ. ಮೂರು ಸಲ ಅವರನ್ನು ಕಂಡದ್ದು ವ್ಯರ್ಥವಾಗಲಿಲ್ಲವೆಂದು ನಾನು ಹೇಳುವುದು ಈ ಕಾರಣಕ್ಕೆ.

ಈಗ ಗೋದಾಮಿನ ಬಾಗಿಲು. ಕೆಲವು ವರ್ಷ ಇಂತಹ ಬಾಗಿಲಿನಲ್ಲಿ ಲೆಕ್ಕ ಬರೆದವನಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾಲು ಮಳಿಗೆಗೇ ನೇರವಾಗಿ ಬರಬಹುದು, ಇಲ್ಲವೇ ಹೆದ್ದಾರಿಯ ಬದಿಯ ಕೇಂದ್ರ ಗೋದಾಮಿಗೆ ಬಂದು ಅಲ್ಲಿಂದ ಊರೂರಿಗೆ ಹಂಚಿಕೆಯಾಗಬಹುದು. ಎರಡರಲ್ಲಿಯೂ ಇಳಿಸಿಕೊಳ್ಳುವವರ ಕೈಯಲ್ಲಿ ಖರೀದಿಯವರು ಕಳಿಸಿದ ಪರ್ಚೇಸ್ ಆರ್ಡರ್, ಅಂದರೆ ಯಾವ ಮಾಲು ಎಷ್ಟು ಬೇಕೆಂಬ ಖರೀದಿ ಆದೇಶ, ಇರುತ್ತದೆ. ಅದರಲ್ಲಿರುವಷ್ಟನ್ನು ಮಾತ್ರ ಅವರು ಎಣಿಸಿ, ದಿನಾಂಕ ನೋಡಿ, ಒಡೆದ ಪೊಟ್ಟಣಗಳನ್ನು ಬದಿಗಿಟ್ಟು, ಸ್ವೀಕರಿಸಿದ್ದಕ್ಕೆ ಜಿಆರ್‌ಎನ್ ಎಂಬ ಚೀಟಿ ಕೊಡುತ್ತಾರೆ. ಒಮ್ಮೆ ಒಬ್ಬ ತಯಾರಕರ ಗಾಡಿ 24 ಡಬ್ಬಿಗಳ ಆರ್ಡರಿಗೆ 30 ಡಬ್ಬಿ ತಂದಿತ್ತು. ಚಾಲಕ ಅವಸರದಲ್ಲಿ ಆರು ಡಬ್ಬಿಗಳನ್ನು "ಇರಲಿ ಬಿಡ್ರಿ, ಆಮೇಲೆ ಬರಕೋರಿ" ಎಂದು ಮೂಲೆಯಲ್ಲಿಟ್ಟು ಹೋದ. ಚೀಟಿಯಲ್ಲಿ ಇಲ್ಲದ ಮಾಲು ಗಣಕದ ಲೆಕ್ಕದಲ್ಲಿಯೂ ಇರಲಿಲ್ಲ. ಎರಡು ತಿಂಗಳ ನಂತರ ಅದರ ಹಣ ಕೇಳಿಕೊಂಡು ಬಂದಾಗ ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಅಂದು ಆ ಚಾಲಕನನ್ನು ತಡೆದು ಡಬ್ಬಿಗಳನ್ನು ಮರಳಿ ಗಾಡಿಗೆ ಹಾಕಿಸಬೇಕಾಗಿತ್ತು, ನಾನು ಹಾಕಿಸಲಿಲ್ಲ. ಆ ಕೊರಗು ಇಂದಿಗೂ ಇದೆ. ಸಹಿ ಮತ್ತು ಮುದ್ರೆ ಬಿದ್ದ ಜಿಆರ್‌ಎನ್ ಪ್ರತಿಯನ್ನು ಕೈಗೆ ತೆಗೆದುಕೊಳ್ಳದೆ ನಿಮ್ಮ ಗಾಡಿ ಅಲ್ಲಿಂದ ಕದಲಬಾರದು.

ಮಳಿಗೆಯೊಳಗಿನ ಕೆಲಸ ಮ್ಯಾನೇಜರರದು. ಮೊದಲು ಅವಧಿ ಮುಗಿಯುವ ಪೊಟ್ಟಣವನ್ನು ರ‍್ಯಾಕಿನ ಮುಂದಕ್ಕೆ ತರುವುದು, ಖಾಲಿಯಾದ ಜಾಗ ತುಂಬಿಸುವುದು, ದರದ ಚೀಟಿ ಬದಲಿಸುವುದು, ಸಂಜೆ ನಗದು, ಕಾರ್ಡ್, ಯುಪಿಐ ಮೊತ್ತಗಳನ್ನು ಬಿಲ್ಲುಗಳೊಂದಿಗೆ ತಾಳೆ ಮಾಡಿಸುವುದು, ಕಳವು ಮತ್ತು ಕೆಡುವಿಕೆಯಿಂದಾಗುವ ನಷ್ಟಕ್ಕೆ ಉತ್ತರ ಕೊಡುವುದು ಇವೆಲ್ಲವೂ ಅವರ ಹೊಣೆ. ಅಲ್ಲಿ ಸಮವಸ್ತ್ರದಲ್ಲಿ ಕಾಣುವವರೆಲ್ಲರೂ ಮಳಿಗೆಯ ನೌಕರರೇ ಆಗಿರುವುದಿಲ್ಲ ಎಂಬುದನ್ನೂ ತಿಳಿದಿರಿ. ಚಹಾಪುಡಿಯ ರ‍್ಯಾಕಿನ ಬಳಿ ನಿಂತ ಹುಡುಗಿಗೆ ಸಂಬಳ ಕೊಡುವವರು ಆ ಚಹಾಪುಡಿಯ ಕಂಪನಿಯವರಾಗಿರಬಹುದು. ಕಾವಲುಗಾರರು ಮತ್ತು ಸ್ವಚ್ಛತೆಯವರು ಬಹಳಷ್ಟು ಕಡೆ ಗುತ್ತಿಗೆ ಏಜೆನ್ಸಿಯವರು. ಅವರು "ನಮಗೆ ಗೊತ್ತಿಲ್ರಿ" ಎಂದರೆ ಅದು ಉದಾಸೀನವಲ್ಲ.

ಜಾಹೀರಾತಿನವರು ಆಫರುಗಳನ್ನೂ ರ‍್ಯಾಕಿನ ಅಲಂಕಾರವನ್ನೂ ನೋಡಿಕೊಳ್ಳುತ್ತಾರೆ. ಮಾನವ ಸಂಪನ್ಮೂಲದವರು ನೇಮಕಾತಿ, ಪಾಳಿ, ರಜೆಗಳನ್ನು ನೋಡುತ್ತಾರೆ. ಇವರೊಡನೆ ನಿಮಗೆ ನೇರ ವ್ಯವಹಾರ ಕಡಿಮೆ. ಆದರೆ "ಒಂದು ಕೊಂಡರೆ ಒಂದು ಉಚಿತ" ಎಂಬ ಆಫರಿಗೆ ನಿಮ್ಮ ಮಾಲನ್ನು ಸೇರಿಸುತ್ತೇವೆಂದು ಜಾಹೀರಾತಿನವರು ಕೇಳಿದಾಗ, ಆ ಉಚಿತ ಪೊಟ್ಟಣದ ಖರ್ಚು ಯಾರ ತಲೆಯ ಮೇಲೆ ಎಂದು ಕಾಗದದ ಮೇಲೆ ಬರೆಸಿಕೊಂಡೇ ಒಪ್ಪಿಕೊಳ್ಳಬೇಕು.

ಕೊನೆಯದು, ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಲೆಕ್ಕಪತ್ರ ವಿಭಾಗ. ಅಲ್ಲಿಯ ಗುಮಾಸ್ತರು ನಿಮ್ಮನ್ನು ಕಂಡಿಲ್ಲ, ನಿಮ್ಮ ಚಟ್ನಿಯ ರುಚಿ ನೋಡಿಲ್ಲ. ಪರ್ಚೇಸ್ ಆರ್ಡರ್, ಜಿಆರ್‌ಎನ್, ನಿಮ್ಮ ಬಿಲ್ಲು ಈ ಮೂರು ಕಾಗದಗಳಲ್ಲಿ ಸಂಖ್ಯೆಯೂ ದರವೂ ಒಂದೇ ಆಗಿದ್ದರೆ ಹಣ ಬಿಡುಗಡೆ ಮಾಡುತ್ತಾರೆ. ಒಂದರಲ್ಲಿ ವ್ಯತ್ಯಾಸ ಕಂಡರೂ ತಡೆಹಿಡಿಯುತ್ತಾರೆ. ನೀವು ಜಿಎಸ್‌ಟಿ ನೋಂದಣಿ ಪಡೆದವರಾಗಿದ್ದರೆ ನಿಮ್ಮ ಬಿಲ್ಲನ್ನು ಸಕಾಲಕ್ಕೆ ಜಿಎಸ್‌ಟಿ ಪೋರ್ಟಲ್ಲಿಗೆ ಏರಿಸಿರಬೇಕು, ಏಕೆಂದರೆ ಅದು ಅಲ್ಲಿ ಕಾಣದಿದ್ದರೆ ಮಳಿಗೆಯ ಸಂಸ್ಥೆಗೆ ತೆರಿಗೆಯ ಜಮೆ, ಅಂದರೆ ನಿಮಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಬಂದ ಹಣ ನೀವು ಎಣಿಸಿದ್ದಕ್ಕಿಂತ ಕಡಿಮೆಯಿದ್ದರೆ ಡೆಬಿಟ್ ನೋಟ್ ಎಂಬ ಕಡಿತದ ಚೀಟಿಯನ್ನು ಕೇಳಿ ಪಡೆಯಿರಿ. ಒಡೆದದ್ದು, ಅವಧಿ ಮೀರಿದ್ದು, ಆಫರಿನ ಪಾಲು ಎಂದು ಮುರಿದುಕೊಂಡ ಪ್ರತಿಯೊಂದು ಮೊತ್ತವೂ ಅದರಲ್ಲಿ ಬರೆದಿರಬೇಕು.

ಸಣ್ಣ ತಯಾರಕರಿಗೆ ಇಲ್ಲಿ ಕಾನೂನಿನ ಆಸರೆಯಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಕರಾರಿನಲ್ಲಿ ಏನೇ ಬರೆದಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮಾಲು ಸ್ವೀಕರಿಸಿದ 45 ದಿನಗಳೊಳಗೆ ಹಣ ಸಲ್ಲಬೇಕು, ತಡವಾದರೆ ಬಡ್ಡಿಯೂ ಸಲ್ಲಬೇಕು. ಇದರ ಪ್ರಯೋಜನಕ್ಕೆ ನಿಮ್ಮ ಗುಂಪಿನ ಹೆಸರಿನಲ್ಲಿ ಉದ್ಯಮ್ ಎಂಬ ಸರ್ಕಾರಿ ಉದ್ಯಮ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿರಿ. ದಿನಗಳ ಎಣಿಕೆಗೆ ಆಧಾರವಾಗುವುದು ಗೋದಾಮಿನ ಬಾಗಿಲಿನಲ್ಲಿ ಪಡೆದ ಆ ಜಿಆರ್‌ಎನ್ ಚೀಟಿಯ ದಿನಾಂಕವೇ.

ಆದುದರಿಂದ ನಾಲ್ಕನೆಯ ಸಲ ಹುಬ್ಬಳ್ಳಿಗೆ ಹೋದಾಗ ಅದೇ ಮ್ಯಾನೇಜರರನ್ನು ಕಂಡು, ಮಸಾಲೆ ವರ್ಗದ ಖರೀದಿ ನೋಡಿಕೊಳ್ಳುವವರ ಹೆಸರು ಮತ್ತು ಕಚೇರಿಯ ಇ–ಮೇಲ್ ವಿಳಾಸವನ್ನಷ್ಟೇ ಕೇಳಿ. ಆ ಖರೀದಿಯವರಿಗೆ ಒಂದೇ ಬ್ಯಾಚಿನ ಆರು ಪೊಟ್ಟಣ, ಲೇಬಲ್ಲಿನ ಪ್ರತಿ, ಪ್ರಯೋಗಾಲಯದ ವರದಿ, ಆರು ತಿಂಗಳ ಮಾರಾಟದ ಲೆಕ್ಕ ಇವನ್ನು ಕಳಿಸಿ, ಮಾರಾಟವಾಗದೆ ಉಳಿದ ಪೊಟ್ಟಣಗಳನ್ನು ಮರಳಿಸುವ ಪದ್ಧತಿ ಇದೆಯೇ, ಇದ್ದರೆ ಎಷ್ಟು ದಿನ ಮೊದಲು ತಿಳಿಸುತ್ತಾರೆ ಎಂದು ಅದೇ ಪತ್ರದಲ್ಲಿ ಬರೆದು ಕೇಳಿರಿ.