ಕತ್ತಿನ ಡಿಸ್ಕ್ ಬದಲಿಸಬೇಕಾ? ಅಕ್ಕನ ರಿಪೋರ್ಟ್ ಮುಂದಿಟ್ಟುಕೊಂಡು ಓದಿದ ಟಿಪ್ಪಣಿ

ಅಕ್ಕನಿಗೆ ಕತ್ತು ನೋವು ಶುರುವಾಗಿ ಮೂರು ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ದಿನಕ್ಕೆ ಏಳೆಂಟು ಗಂಟೆ ಮಷಿನ್ ಮೇಲೆ ಬಗ್ಗಿಯೇ ಇರುತ್ತಾಳೆ. ಹೋದ ತಿಂಗಳು ಎಂಆರ್‌ಐ ಮಾಡಿಸಿದೆವು. ಸಿ5-ಸಿ6 (ಕತ್ತಿನ ಐದನೇ, ಆರನೇ ಮೂಳೆ) ನಡುವಿನ ಡಿಸ್ಕ್ ಹೊರಗೆ ಜಾರಿದೆ, ಸಿ6-ಸಿ7 ನಡುವಿನದೂ ಸ್ವಲ್ಪ ಉಬ್ಬಿದೆ ಅಂತ ಬಂತು. ತೋರಿಸಿದ ಕಡೆ, ಕೃತಕ ಡಿಸ್ಕ್ ಹಾಕಿಸಿಬಿಡಿ ಅಂದರು. ನಾನು ಫಿಸಿಯೊಥೆರಪಿ ಮೂರನೇ ವರ್ಷ ಓದುತ್ತಿದ್ದೇನೆ, ಹಾಗಾಗಿ ಮನೆಯವರೆಲ್ಲ ನನ್ನ ಮುಖ ನೋಡಿದರು. ಎರಡು ವಾರ ಕೂತು ಓದಿದ್ದನ್ನು ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ಡಿಸ್ಕ್ ಅಂದರೆ ಬೆನ್ನುಮೂಳೆಯ ಎರಡು ಮೂಳೆಗಳ ನಡುವಿನ ಮೆತ್ತೆ, ಅದರ ರಚನೆಯ ವಿವರಕ್ಕೆ ಹೋಗುವುದಿಲ್ಲ.

ನೋವು ಒಂದಲ್ಲ, ಎರಡು

ಅಕ್ಕ ಎಲ್ಲವನ್ನೂ "ಕತ್ತು ನೋವು" ಅಂತಲೇ ಹೇಳುತ್ತಾಳೆ. ಬಿಡಿಸಿ ಕೇಳಿದಾಗ ಎರಡು ಸಿಕ್ಕವು. ಒಂದು, ಮೂರು ವರ್ಷದಿಂದ ಕತ್ತು ಮತ್ತು ಹೆಗಲಿನ ಮೇಲ್ಭಾಗ ಬಿಗಿದು ನೋಯುವುದು. ಇನ್ನೊಂದು, ಬರೀ ಏಳು ವಾರದ್ದು: ಭುಜದಿಂದ ಇಳಿದು ಮುಂಗೈ ದಾಟಿ ಹೆಬ್ಬೆರಳಿಗೆ ಹೋಗುವ ಚಳಕು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹೆಬ್ಬೆರಳಿಗೆ ಸಿಕ್ಕ ಹಾಗೇ ಆಗಲ್ಲ ಅಂದಳು.

ಇನ್ನೊಂದು ವಿಷಯ ನನ್ನ ಕಣ್ಣ ಮುಂದೆಯೇ ಇತ್ತು. ಬಸ್ಸಿನಲ್ಲಿ ಅವಳು ಬಲಗೈ ಎತ್ತಿ ನೆತ್ತಿಯ ಮೇಲೆ ಇಟ್ಟುಕೊಂಡು ಕೂರುತ್ತಾಳೆ. "ತಲೆ ಮೇಲೆ ಕೈ ಹೊತ್ತು ಕೂರಬೇಡ, ಒಳ್ಳೇದಲ್ಲ" ಅಂತ ಅಮ್ಮ ಬೈಯುತ್ತಲೇ ಇರುತ್ತಾಳೆ. ಆದರೆ ಹಾಗೆ ಕೈ ಎತ್ತಿದಾಗ ನರದ ಮೇಲಿನ ಎಳೆತ ಸಡಿಲವಾಗುತ್ತದೆ, ನೋವು ಇಳಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ಬಕೋಡಿ ಸೈನ್ ಅಂತ ಹೆಸರಿದೆ. ನರದ ಬೇರು, ಅಂದರೆ ಬೆನ್ನುಹುರಿಯಿಂದ ನರ ಹೊರಡುವ ಜಾಗ, ಒತ್ತಿಕೊಂಡಿದೆ ಅನ್ನಲು ಇದೊಂದು ಗುರುತು. ಎಷ್ಟು ಸಲ ಓದಿದ್ದೆನೋ, ಮನೆಯಲ್ಲಿ ನೋಡಿದ ಮೇಲೆ ಇನ್ನು ಮರೆಯುವುದಿಲ್ಲ.

ನರದ ನಂಬರ್

ಕತ್ತಿನಲ್ಲಿ ಮೂಳೆ 7, ನರ 8 ಜೋಡಿ. ಇಲ್ಲಿಂದಲೇ ಗೊಂದಲ ಶುರು. ಕತ್ತಿನಲ್ಲಿ ನರ ತನ್ನ ನಂಬರಿನ ಮೂಳೆಯ ಮೇಲಿನಿಂದ ಹೊರಗೆ ಬರುತ್ತದೆ. ಅಂದರೆ ಸಿ6 ನರ ಬರುವುದು ಸಿ5, ಸಿ6 ಮೂಳೆಗಳ ನಡುವೆ. ಸಿ8 ಎನ್ನುವ ಮೂಳೆಯೇ ಇಲ್ಲ. ಆ ನರ ಸಿ7ರ ಕೆಳಗೆ ಬರುತ್ತದೆ. ಅಲ್ಲಿಂದ ಕೆಳಗೆಲ್ಲ ಲೆಕ್ಕ ತಿರುಗಿ, ನರ ತನ್ನ ಮೂಳೆಯ ಕೆಳಗಿನಿಂದ ಬರುತ್ತದೆ. ಹಾಗಾದರೆ ಸೊಂಟದಲ್ಲಿ ಎಲ್4-ಎಲ್5 (ಸೊಂಟದ ನಾಲ್ಕನೇ, ಐದನೇ ಮೂಳೆ) ನಡುವಿನ ಡಿಸ್ಕ್ ಜಾರಿದರೆ ಎಲ್4 ನರ ಒತ್ತಬೇಕಲ್ವಾ? ಸಾಮಾನ್ಯವಾಗಿ ಒತ್ತುವುದಿಲ್ಲ. ಎಲ್4 ನರ ಡಿಸ್ಕ್‌ಗಿಂತ ಮೇಲೆಯೇ ಹೊರಗೆ ಹೋಗಿರುತ್ತದೆ. ಡಿಸ್ಕ್‌ನ ಹಿಂದೆ ಕೆಳಗಿಳಿಯುತ್ತಿರುವ ಎಲ್5 ನರ ಸಿಕ್ಕಿಕೊಳ್ಳುತ್ತದೆ.

ನಾನು ಮಾಡಿಕೊಂಡ ದಾರಿ ಇದು: ಕತ್ತಾಗಲಿ ಸೊಂಟವಾಗಲಿ, ರಿಪೋರ್ಟಿನಲ್ಲಿ ಎರಡು ನಂಬರ್ ಇದ್ದರೆ ಕೆಳಗಿನ ನಂಬರನ್ನು ಹಿಡಿ. ಸಿ5-ಸಿ6ಗೆ ಸಿ6. ಎಲ್4-ಎಲ್5ಗೆ ಎಲ್5. ಕಾರಣ ಬೇರೆ ಬೇರೆ, ಉತ್ತರ ಒಂದೇ. ದಾರಿ ಕೈಕೊಡುವುದು ಸಿ7-ಟಿ1ರಲ್ಲಿ (ಟಿ1 ಅಂದರೆ ಕತ್ತಿನ ಕೆಳಗೆ ಬರುವ ಎದೆಭಾಗದ ಮೊದಲ ಮೂಳೆ) ಮಾತ್ರ, ಅಲ್ಲಿ ಸಿ8.

ಈಗ ಬೆರಳಿಗೆ ಬನ್ನಿ. ಸಿ6 ಹೆಬ್ಬೆರಳು, ಸಿ7 ನಡುಬೆರಳು, ಸಿ8 ಕಿರುಬೆರಳು. ಬಲ ನೋಡುವುದಾದರೆ ಸಿ6ಕ್ಕೆ ಮಣಿಕಟ್ಟು ಮೇಲೆತ್ತುವುದು, ಸಿ7ಕ್ಕೆ ಮೊಣಕೈ ನೀಡುವುದು, ಸಿ8ಕ್ಕೆ ಮುಷ್ಟಿ ಹಿಡಿಯುವುದು. ಅಕ್ಕನ ಜೋಮು ಹೆಬ್ಬೆರಳಲ್ಲಿ. ಜಾರಿದ್ದು ಸಿ5-ಸಿ6. ಹೊಂದಿತು. ನಡುಬೆರಳು ಚೆನ್ನಾಗಿದೆ, ಮೊಣಕೈ ಬಲ ಪೂರ್ತಿ ಇದೆ. ಹಾಗಾಗಿ ಸಿ6-ಸಿ7ರ ಉಬ್ಬು ಸದ್ಯಕ್ಕೆ ಚಿತ್ರದಲ್ಲಷ್ಟೇ ಇದೆ, ತೊಂದರೆಯಲ್ಲಿ ಇಲ್ಲ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕತ್ತಿನ ಎಂಆರ್‌ಐ ಮಾಡಿದಾಗ 87.6% ಜನರಲ್ಲಿ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಕ್ಕನಿಗೆ ಇದನ್ನು ಓದಿ ಹೇಳಿದ ದಿನ ಅವಳು ರಾತ್ರಿ ಸರಿಯಾಗಿ ನಿದ್ದೆ ಮಾಡಿದಳು.

ಕೃತಕ ಡಿಸ್ಕ್ "ಫ್ಯೂಷನ್‌ಗಿಂತ ಮೇಲು" ಎನ್ನುವ ಮಾತು

ನಾನು ನಿಜವಾಗಿ ಎಡವಿದ್ದು ಇಲ್ಲಿ. ನಿಧಾನವಾಗಿ ಬರೆಯುತ್ತೇನೆ.

ಹಳೆಯ ಆಪರೇಷನ್ ಅಂದರೆ ಡಿಸ್ಕ್ ತೆಗೆದು ಮೇಲಿನ, ಕೆಳಗಿನ ಮೂಳೆಗಳನ್ನು ಒಂದಾಗಿ ಬೆಸೆಯುವುದು. ಅದೇ ಫ್ಯೂಷನ್. ಬೆಸೆದ ಜಾಗ ಅಲುಗಾಡುವುದಿಲ್ಲ, ಪಕ್ಕದ ಡಿಸ್ಕ್‌ಗಳ ಮೇಲೆ ಭಾರ ಜಾಸ್ತಿ ಬೀಳಬಹುದು. 1999ರಲ್ಲಿ ಬಂದ, 374 ಜನರನ್ನು ನೋಡಿದ ಅಧ್ಯಯನದಲ್ಲಿ ಫ್ಯೂಷನ್ ಆದವರಲ್ಲಿ ವರ್ಷಕ್ಕೆ ಸುಮಾರು 2.9% ಜನರಿಗೆ ಪಕ್ಕದ ಹಂತದಲ್ಲಿ ಹೊಸ ತೊಂದರೆ ಕಾಣಿಸಿತು. ಅದರಲ್ಲಿ ವಯಸ್ಸಿನ ಸವೆತ ಎಷ್ಟು, ಬೆಸುಗೆಯ ಪಾಲು ಎಷ್ಟು ಎಂಬ ವಾದ ಇದ್ದೇ ಇದೆ. ಅಲುಗಾಟ ಉಳಿಸೋಣ ಅಂತ ಬಂದದ್ದು ಕೃತಕ ಡಿಸ್ಕ್. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ 2007ರ ಜುಲೈನಲ್ಲಿ ಪ್ರೆಸ್ಟೀಜ್ ಎಂಬ ಡಿಸ್ಕ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಅಧ್ಯಯನದಲ್ಲಿ 541 ಜನ. ಹೆಚ್ಚುಕಮ್ಮಿ ಅರ್ಧ ಜನರಿಗೆ ಡಿಸ್ಕ್, ಉಳಿದವರಿಗೆ ಫ್ಯೂಷನ್. ಡಿಸ್ಕ್ ಹಾಕಿಸಿಕೊಂಡವರು ಚೆನ್ನಾಗಿದ್ದರು.

ಇದನ್ನು ಓದಿ "ಹಾಗಾದರೆ ಮಾಡಿಸೋಣ" ಅಂತ ಮನೆಯಲ್ಲಿ ಹೇಳಿಯೂ ಬಿಟ್ಟೆ. ಮೂರು ದಿನ ಆದ ಮೇಲೆ ಹೊಳೆಯಿತು: ಆ ಅಧ್ಯಯನದಲ್ಲಿ ಆಪರೇಷನ್ ಮಾಡಿಸಿಕೊಳ್ಳದ ಗುಂಪೇ ಇಲ್ಲ. ಎರಡೂ ಗುಂಪಿನವರು ಆಪರೇಷನ್‌ಗೆ ಒಪ್ಪಿದವರೇ. ಕತ್ತು ಕೊಯ್ಯುವುದು ಖಚಿತವಾದ ಮೇಲೆ ಏನು ಇಡೋಣ ಎಂಬುದಷ್ಟೇ ಅದು ಕೇಳಿದ ಪ್ರಶ್ನೆ. ನಮ್ಮ ಪ್ರಶ್ನೆ ಅದಕ್ಕಿಂತ ಹಿಂದಿನದು: ಕೊಯ್ಯಬೇಕಾ ಬೇಡವಾ? ಅಕ್ಕನಿಗೆ ಹೇಳಿದಾಗ ಅವಳು ತಕ್ಷಣ ಹಿಡಿದಳು. "ಬಟ್ಟೆ ಕತ್ತರಿಸೋದಾ ಬೇಡ್ವಾ ಅಂತಾನೇ ತೀರ್ಮಾನ ಆಗಿಲ್ಲ, ಹುಕ್ಕಾ ಜಿಪ್ಪಾ ಅಂತ ಕೇಳ್ತಿದ್ದೀವಿ."

ಇನ್ನೊಂದು ಪದರ ಇದೆ. ಆ 541 ಜನ ಯಾರು? ನರದ ತೊಂದರೆ ಇದ್ದವರು, ಕನಿಷ್ಠ 6 ವಾರ ಬೇರೆ ಚಿಕಿತ್ಸೆ ಮಾಡಿಯೂ ಗುಣ ಕಾಣದವರು. ಬರೀ ಕತ್ತು ನೋವಿನವರಲ್ಲ. ಆಪರೇಷನ್ ಆದ ಮೇಲೆ ಅವರ ಕತ್ತು ನೋವೂ ಇಳಿಯಿತು, ನಿಜ. ಆದರೆ ಅದು ನರ ಒತ್ತಿದ್ದವರ ಕತ್ತು ನೋವು. ಅದನ್ನು ತಂದು ನರ ಚೆನ್ನಾಗಿರುವವರ ಹಳೆಯ ನೋವಿಗೆ ಹಚ್ಚಲು ಬರುವುದಿಲ್ಲ. ಅಕ್ಕನ ಆಸೆಯೆಲ್ಲ ಆ ಮೂರು ವರ್ಷದ ನೋವಿನ ಮೇಲೆ. ಈ ಆಪರೇಷನ್ ಇರುವುದು ಏಳು ವಾರದ ನೋವಿಗೆ.

ಮೊದಲ ಪ್ರಶ್ನೆಗೆ ಉತ್ತರ ಬೇರೆ ಕಡೆ ಸಿಕ್ಕಿತು. ಸ್ವೀಡನ್ನಿನಲ್ಲಿ ಕತ್ತಿನ ನರದ ಕೈನೋವಿದ್ದ 81 ಜನರನ್ನು ಮೂರು ಗುಂಪು ಮಾಡಿದರು: ಆಪರೇಷನ್ (ಆ ಕಾಲದ ಫ್ಯೂಷನ್), ಫಿಸಿಯೊಥೆರಪಿ, ಕಾಲರ್ (ಕತ್ತಿಗೆ ಹಾಕುವ ಪಟ್ಟಿ). ಮೂರ್ನಾಲ್ಕು ತಿಂಗಳಿಗೆ ಆಪರೇಷನ್ ಆದವರು ಮುಂದಿದ್ದರು. ಒಂದು ವರ್ಷಕ್ಕೆ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಇದು 1997ರದ್ದು, ಚಿಕ್ಕದು, ನಿಜ. ಆದರೆ ಪ್ರಶ್ನೆ ನಮ್ಮದೇ. ಅಮೆರಿಕದ ರೋಚೆಸ್ಟರ್‌ನಲ್ಲಿ ಕತ್ತಿನ ನರದ ಇದೇ ತೊಂದರೆ ಇದ್ದ 561 ಜನರನ್ನು ವರ್ಷಗಟ್ಟಲೆ ಗಮನಿಸಿದಾಗ 26% ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಕೊನೆಯ ಸಲ ನೋಡಿದಾಗ ಎಲ್ಲರಲ್ಲೂ ಸೇರಿ 90% ಜನರಿಗೆ ತೊಂದರೆ ಇರಲಿಲ್ಲ, ಇದ್ದರೂ ಅಲ್ಪಸ್ವಲ್ಪ.

ಯಾರಿಗೆ ಡಿಸ್ಕ್ ಕೂರುವುದಿಲ್ಲ

ಹಿಂದಿನ ಸಣ್ಣ ಕೀಲುಗಳು ಜಾಸ್ತಿ ಸವೆದಿದ್ದರೆ, ಮೂಳೆ ಟೊಳ್ಳಾಗಿದ್ದರೆ, ಕತ್ತಿನ ಮೂಳೆ ಜಾರಾಡುತ್ತಿದ್ದರೆ, ಸೋಂಕಿದ್ದರೆ, ಲೋಹದ ಅಲರ್ಜಿ ಇದ್ದರೆ. ಹಾಕಿದ ಡಿಸ್ಕ್‌ನ ಸುತ್ತ ಕೆಲವರಿಗೆ ಮೂಳೆ ಬೆಳೆದು ಅಲುಗಾಟ ನಿಂತೂ ಹೋಗಬಹುದು. ಮುಂಭಾಗದಿಂದ ಕೊಯ್ಯುವುದರಿಂದ ಕೆಲವು ದಿನ ನುಂಗಲು ಕಷ್ಟ, ದನಿ ಒಡೆಯುವುದು ಫ್ಯೂಷನ್‌ನಲ್ಲೂ ಇದೆ, ಇದರಲ್ಲೂ ಇದೆ.

ಕಾಯಬಾರದ್ದು ಯಾವಾಗ

ಬೆನ್ನುಹುರಿಯೇ ಒತ್ತಿಕೊಂಡಿದ್ದರೆ ಮೇಲಿನ ಲೆಕ್ಕ ಯಾವುದೂ ನಡೆಯಲ್ಲ. ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ಕೈಯ ಬಲ ದಿನದಿನಕ್ಕೆ ಇಳಿಯುವುದು. ಇವು ಕಂಡರೆ ತಡಮಾಡದೆ ಸರ್ಜನ್ ಹತ್ತಿರ ಹೋಗಬೇಕು. ಅಕ್ಕನಿಗೆ ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿ ತೋರಿಸು ಅಂತ ಹೇಳಿದ್ದೇನೆ. ಇಷ್ಟು ದಿನ ಒಂದೇ ಸಲಕ್ಕೆ ಪೋಣಿಸುತ್ತಿದ್ದಾಳೆ.

ಈಗ ಎಲ್ಲಿದ್ದೇವೆ

ಇನ್ನೊಬ್ಬ ಸರ್ಜನ್ ಹತ್ತಿರ ಹೋದೆವು. ಎರಡೇ ಪ್ರಶ್ನೆ ಬರೆದುಕೊಂಡು ಹೋಗಿದ್ದೆ: ಈ ಆಪರೇಷನ್ ಯಾವ ನೋವಿಗೆ? ಈಗ ಮಾಡದಿದ್ದರೆ ಏನು ಕಳೆದುಕೊಳ್ಳುತ್ತೇವೆ? ಅವರು ಅಕ್ಕನ ಮಣಿಕಟ್ಟು ಒತ್ತಿ ನೋಡಿದರು. ಬಲ ಇದೆ ಅಂದರು. ಕೈನೋವಿಗೆ ಆಪರೇಷನ್ ನೆರವಾಗಬಹುದು, ಕತ್ತು ನೋವಿಗೆ ನಾನು ಮಾತು ಕೊಡುವುದಿಲ್ಲ ಅಂದರು. ಆರು ವಾರ ಫಿಸಿಯೊ, ಆಮೇಲೆ ಮತ್ತೆ ನೋಡೋಣ ಅಂತ ಒಪ್ಪಿಕೊಂಡು ಬಂದೆವು.

ಅಕ್ಕ ಮಷಿನ್ ಕೆಳಗೆ ಒಂದು ಮಣೆ ಇಟ್ಟು ಎತ್ತರ ಮಾಡಿಕೊಂಡಿದ್ದಾಳೆ. ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ರಾತ್ರಿ ಎರಡು ಅಂಕಿ ಬರೆಯುತ್ತಾಳೆ, ಹತ್ತಕ್ಕೆ ಎಷ್ಟು ಅಂತ. ಮೊದಲ ದಿನ: ಕತ್ತು 6, ಕೈ 7. ನಿನ್ನೆ, ಹದಿನೇಳನೇ ದಿನ: ಕತ್ತು 6, ಕೈ 4.