ಫೈನಲ್ ಪಂದ್ಯದ ತೀರ್ಪುಗಾರರನ್ನು ಕೋಚ್‌ಗಳ ಅಂಕ ಆರಿಸಬಾರದು

ಪಂದ್ಯ ಮುಗಿದ ಮೇಲೆ ಎರಡೂ ಶಾಲೆಗಳ ಕೋಚ್‌ಗಳು ತೀರ್ಪುಗಾರರಿಗೆ ಅಂಕ ಕೊಡುವ ಪದ್ಧತಿ ಅಮೆರಿಕದ ಹಲವು ರಾಜ್ಯಗಳ ಹೈಸ್ಕೂಲ್ ಫುಟ್‌ಬಾಲ್‌ನಲ್ಲಿದೆ (ಇದು ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್). ವರ್ಷದ ಕೊನೆಯಲ್ಲಿ ರಾಜ್ಯ ಮಟ್ಟದ ಫೈನಲ್‌ಗೆ ಯಾರು ಹೋಗಬೇಕೆಂದು ತೀರ್ಮಾನಿಸುವಾಗ ಈ ಅಂಕಗಳಿಗೆ ತೂಕವಿರುತ್ತದೆ. ಎಷ್ಟು ತೂಕ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲೈನ್ ಜಡ್ಜ್ ಆಗಿ ಮೈದಾನದ ಅಂಚಿನಲ್ಲಿ ನಿಲ್ಲುವವನಾಗಿ, ಸ್ಥಳೀಯ ಸಂಘದಲ್ಲಿ ಹೊಸಬರಿಗೆ ತರಬೇತಿ ಕೊಡುವವನಾಗಿ ನನ್ನ ಅಭಿಪ್ರಾಯ ಸ್ಪಷ್ಟವಿದೆ: ಈ ಅಂಕಗಳಿಂದ ಫೈನಲ್‌ನ ತೀರ್ಪುಗಾರರನ್ನು ಆರಿಸುವುದು ಅನ್ಯಾಯ. ಆ ಅನ್ಯಾಯದ ಫಲವನ್ನು ಉಣ್ಣುವವರು ನಮಗಿಂತ ಹೆಚ್ಚಾಗಿ ಆಡುವ ಮಕ್ಕಳು.

ಒಂದು ಸನ್ನಿವೇಶ ನೋಡಿ. ಮೂರನೇ ಕ್ವಾರ್ಟರ್. ಚೆಂಡು ಹಿಡಿದ ಹುಡುಗ ಅಂಚಿನ ಕಡೆ ತಿರುಗಿ ಓಡುತ್ತಾನೆ. ಅವನಿಗೆ ದಾರಿ ಬಿಡಿಸುತ್ತಿರುವ ಆಟಗಾರ ಎದುರಾಳಿಯ ಭುಜದ ಬಳಿ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸುತ್ತಾನೆ. ಇದೇ ಹಿಡಿತ ಚೆಂಡಿನಿಂದ ಮೂವತ್ತು ಗಜ ದೂರದಲ್ಲಿ ನಡೆದಿದ್ದರೆ ಅನುಭವಿ ತೀರ್ಪುಗಾರ ಬಾಯಿ ಮಾತಿನಲ್ಲಿ ಎಚ್ಚರಿಸಿ ಬಿಟ್ಟುಬಿಡುತ್ತಾನೆ. ಆದರೆ ಇದು ನಡೆದದ್ದು ಓಟದ ದಾರಿಯಲ್ಲೇ, ಆ ಹಿಡಿತದಿಂದಲೇ ದಾರಿ ತೆರೆದುಕೊಂಡಿದೆ. ತಪ್ಪಿನ ಗುರುತಾಗಿ ತೀರ್ಪುಗಾರ ಎಸೆಯುವ ಹಳದಿ ಬಾವುಟ ಬೀಳುತ್ತದೆ, ಓಟ ಕೊನೆಯ ಗೆರೆ ದಾಟಿ ಗಳಿಸಿದ ಟಚ್‌ಡೌನ್ ರದ್ದಾಗುತ್ತದೆ, ಹೀಗೆ ಹಿಡಿದದ್ದಕ್ಕೆ, ಅಂದರೆ ಹೋಲ್ಡಿಂಗ್‌ಗೆ, ಹತ್ತು ಗಜ ದಂಡ. ಪಂದ್ಯದ ನಂತರ ಒಬ್ಬ ಕೋಚ್ ಪೂರ್ತಿ ಅಂಕ ಕೊಡುತ್ತಾರೆ, ಇನ್ನೊಬ್ಬರು ಕನಿಷ್ಠ ಅಂಕ ಕೊಡುತ್ತಾರೆ. ಇಬ್ಬರೂ ಸುಳ್ಳುಗಾರರಲ್ಲ. ತಮ್ಮ ಮಕ್ಕಳಿಗಾಗಿ ಅರುವತ್ತು ಗಜ ಆಚೆಯಿಂದ ಉಸಿರು ಬಿಗಿಹಿಡಿದು ನೋಡಿದವರು ಅವರು. ಆ ಎರಡು ಅಂಕಗಳ ಸರಾಸರಿ ತೆಗೆದರೆ ಬಾವುಟ ಸರಿಯೋ ತಪ್ಪೋ ಎಂಬುದರ ಬಗ್ಗೆ ಏನೂ ತಿಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಕೆಡುಕು ಇನ್ನೊಂದಿದೆ. ತನಗೆ ಡಿಸೆಂಬರ್‌ನ ಫೈನಲ್ ಸಿಗುವುದು ಇದೇ ಕೋಚ್‌ನ ಅಂಕದ ಮೇಲೆ ನಿಂತಿದೆ ಎಂದು ಗೊತ್ತಿರುವವನು ಅಕ್ಟೋಬರ್‌ನಲ್ಲಿ ಬಾವುಟ ಎಸೆಯುವ ಮುನ್ನ ಅರೆಕ್ಷಣ ತಡೆದರೂ ಆಟ ಕೆಟ್ಟಂತೆಯೇ. ಮನುಷ್ಯನ ಕಣ್ಣು ಸುತ್ತಲಿನ ಒತ್ತಡಕ್ಕೆ ಬಾಗುತ್ತದೆ ಎಂಬುದನ್ನು ಅಳೆದೇ ನೋಡಿದ್ದಾರೆ. 2002ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ 40 ಅರ್ಹ ಸಾಕರ್ ರೆಫರಿಗಳಿಗೆ ಲಿವರ್‌ಪೂಲ್–ಲೆಸ್ಟರ್ ಪಂದ್ಯದ 47 ಟ್ಯಾಕಲ್‌ಗಳ ವಿಡಿಯೊ ತೋರಿಸಲಾಯಿತು. ಕೆಲವರು ಪ್ರೇಕ್ಷಕರ ಗದ್ದಲದೊಂದಿಗೆ ನೋಡಿದರು, ಉಳಿದವರು ನಿಶ್ಶಬ್ದವಾಗಿ ನೋಡಿದರು. ಗದ್ದಲ ಕೇಳಿದವರು ತವರು ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಕೊಠಡಿಯಲ್ಲಿ ಕುಳಿತು ಕೇಳಿದ ಗದ್ದಲವೇ ಇಷ್ಟು ಮಾಡುವುದಾದರೆ, ಮುಂದಿನ ಪಂದ್ಯ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಏನು ಮಾಡಲಾರದು?

ಇಂಡಿಯಾನಾಪೊಲಿಸ್‌ನಲ್ಲಿರುವ, ರಾಜ್ಯಗಳ ಶಾಲಾ ಕ್ರೀಡಾ ಸಂಸ್ಥೆಗಳ ರಾಷ್ಟ್ರೀಯ ಒಕ್ಕೂಟ ಶಾಲಾ ಫುಟ್‌ಬಾಲ್‌ನ ನಿಯಮ ಪುಸ್ತಕವನ್ನು ಪ್ರಕಟಿಸುತ್ತದೆ, ಆದರೆ ಫೈನಲ್‌ಗೆ ತೀರ್ಪುಗಾರರನ್ನು ನೇಮಿಸುವ ಕೆಲಸ ಅದರದ್ದಲ್ಲ. ಅದು ಆಯಾ ರಾಜ್ಯದ ಸಂಸ್ಥೆಗೆ ಬಿಟ್ಟದ್ದು. (ಟೆಕ್ಸಸ್ ನಿಯಮಗಳಲ್ಲೂ ಬೇರೆ ದಾರಿ ಹಿಡಿದಿದೆ. ಅಲ್ಲಿ ಶಾಲೆಗಳು ಕಾಲೇಜು ನಿಯಮಗಳಲ್ಲೇ ಆಡುತ್ತವೆ.) ಹೀಗಾಗಿ ಲಿಖಿತ ಪರೀಕ್ಷೆ, ತರಬೇತಿ ಶಿಬಿರದ ಹಾಜರಿ, ಸೇವೆಯ ವರ್ಷಗಳು, ಸಹೋದ್ಯೋಗಿಗಳ ಮತ, ಕೋಚ್‌ಗಳ ಅಂಕ ಇವೆಲ್ಲ ಬೇರೆ ಬೇರೆ ಕಡೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಯುತ್ತವೆ. ಕೆಲವೆಡೆ ಸರದಿಯೇ ನಿಯಮ: ಈ ವರ್ಷ ಈ ಸಂಘ, ಮುಂದಿನ ವರ್ಷ ಆ ಸಂಘ. ಇಪ್ಪತ್ತು ವರ್ಷ ಮಳೆಯಲ್ಲಿ ನೆನೆದು ದುಡಿದವರಿಗೆ ಒಂದು ಫೈನಲ್ ಸಿಗಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮೈದಾನದಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರು ಕಾಲೇಜಿನಲ್ಲಿ ಆಟ ಮುಂದುವರಿಸುವುದಿಲ್ಲ. ಅದು ಅವರ ಬದುಕಿನ ಕೊನೆಯ ಪಂದ್ಯ. ಸೇವೆಗೆ ಗೌರವ ತೋರಲು ಸನ್ಮಾನ ಸಮಾರಂಭಗಳಿವೆ, ಫೈನಲ್ ಅದಕ್ಕಲ್ಲ.

ಹಾಗಾದರೆ ಅಳತೆ ಯಾವುದು? ವಿಡಿಯೊ. ಇಂದು ಹೈಸ್ಕೂಲ್‌ಗಳ ಮುಖ್ಯ ತಂಡಗಳ ಬಹುತೇಕ ಪಂದ್ಯಗಳ ಚಿತ್ರೀಕರಣ ಕೋಚ್‌ಗಳ ಬಳಿ ಇದೆ. ಹಡಲ್‌ನಂಥ ತಾಣಗಳಲ್ಲಿ ಅವರು ಅದನ್ನು ಪರಸ್ಪರ ಹಂಚಿಕೊಳ್ಳುತ್ತಾರೆ. ಎರಡೂ ಶಾಲೆಗಳಿಗೆ ಸಂಬಂಧವಿಲ್ಲದ ಇಬ್ಬರು ನಿವೃತ್ತ ತೀರ್ಪುಗಾರರು ಕುಳಿತು ಪ್ರತಿ ನಿರ್ಧಾರವನ್ನೂ ನಾಲ್ಕು ಬಗೆಯಾಗಿ ಗುರುತಿಸಬಹುದು: ಸರಿಯಾದ ಬಾವುಟ, ತಪ್ಪು ಬಾವುಟ, ಸರಿಯಾಗಿಯೇ ಬಿಟ್ಟದ್ದು, ಬಿಡಬಾರದ್ದನ್ನು ಬಿಟ್ಟದ್ದು. ಕೊನೆಯೆರಡು ಬಗೆಗಳು ಕೋಚ್‌ನ ಅಂಕಪಟ್ಟಿಯಲ್ಲಿ ಬರುವುದೇ ಅಪರೂಪ, ಒಳ್ಳೆಯ ತೀರ್ಪುಗಾರ ಗೊತ್ತಾಗುವುದು ಮಾತ್ರ ಅಲ್ಲೇ. ಕ್ಯಾಮೆರಾ ಒಂದೇ ಕಡೆಯಿಂದ ನೋಡುತ್ತದೆ, ಅಂಗಿ ಹಿಡಿದ ಮುಷ್ಟಿ ಆಚೆ ಬದಿಯಲ್ಲಿದ್ದರೆ ಕಾಣುವುದಿಲ್ಲ. ಅಂಥವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಬೇಕು.

ಇಲ್ಲೊಂದು ತಾಂತ್ರಿಕ ತೊಡಕಿದೆ, ಅದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಬಹಳ ಕಡೆ ಋತುವಿಡೀ ಐವರೇ ಪಂದ್ಯ ನಡೆಸುತ್ತಾರೆ: ಬಿಳಿ ಟೋಪಿಯ ರೆಫರಿ, ಅಂಪೈರ್, ಹೆಡ್ ಲೈನ್ಸ್‌ಮನ್, ಲೈನ್ ಜಡ್ಜ್, ಬ್ಯಾಕ್ ಜಡ್ಜ್. ದೊಡ್ಡ ಪಂದ್ಯ ಬಂದಾಗ ಕೆಲವು ರಾಜ್ಯಗಳು ಏಳು ಮಂದಿಯನ್ನು ಇಳಿಸುತ್ತವೆ, ಸೈಡ್ ಜಡ್ಜ್ ಮತ್ತು ಫೀಲ್ಡ್ ಜಡ್ಜ್ ಸೇರಿಕೊಳ್ಳುತ್ತಾರೆ. ಈ ಇಬ್ಬರು ಅಂಚುಗೆರೆಗಳ ಬಳಿ, ಆಟ ಶುರುವಾಗುವ ಗೆರೆಯಿಂದ ಸುಮಾರು ಇಪ್ಪತ್ತು ಗಜ ಆಚೆ ರಕ್ಷಣಾ ತಂಡದ ಕಡೆ ನಿಂತು, ಎಸೆದ ಚೆಂಡು ಹಿಡಿಯಲು ಓಡಿ ಬರುವ ರಿಸೀವರ್‌ಗಳನ್ನು ಮುಂದಿನಿಂದ ನೋಡಬೇಕು. ಐವರ ಆಟದಲ್ಲಿ ಆ ಜಾಗವೇ ಇಲ್ಲ. ಋತುವಿಡೀ ಲೈನ್ ಜಡ್ಜ್ ಆಗಿ ಉತ್ತಮ ಅಂಕ ಪಡೆದವನನ್ನು ಫೈನಲ್ ದಿನ ತಾನೆಂದೂ ನಿಲ್ಲದ ಜಾಗದಲ್ಲಿ ನಿಲ್ಲಿಸುವುದು ಅವನಿಗೂ ಸಲ್ಲದು, ಮಕ್ಕಳಿಗೂ ಸಲ್ಲದು. ಪ್ಲೇಆಫ್‌ನ ಮೊದಲ ಸುತ್ತಿನಿಂದಲೇ ಏಳು ಮಂದಿಯ ವ್ಯವಸ್ಥೆ ಬಂದರೆ ಜಾಗಕ್ಕೆ ತಕ್ಕವರು ಯಾರೆಂದು ತಿಳಿಯುತ್ತದೆ.

ತಟಸ್ಥತೆಯ ಮಾತು ಬಂದಾಗ ಕನ್ನಡಿಗ ಮಿತ್ರರಿಗೆ ನಾನು 1999ರ ದೆಹಲಿ ಟೆಸ್ಟ್ ನೆನಪಿಸುತ್ತೇನೆ. ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಅವರ ತುದಿಯಲ್ಲಿದ್ದ ಅಂಪೈರ್ ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್. ಆಗಿನ ನಿಯಮದಲ್ಲಿ ಒಬ್ಬ ಅಂಪೈರ್ ಆತಿಥೇಯ ದೇಶದವರಾಗಿರುತ್ತಿದ್ದರು, ಆದ್ದರಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ. 2002ರಲ್ಲಿ ಟೆಸ್ಟ್ ಪಂದ್ಯಗಳಿಗೆ ಇಬ್ಬರೂ ತಟಸ್ಥರೇ ಆಗಿರಬೇಕೆಂಬ ವ್ಯವಸ್ಥೆ ಬಂತು. ಇಂಥ ವ್ಯವಸ್ಥೆ ಅಂಪೈರ್‌ನ ಪ್ರಾಮಾಣಿಕತೆಯನ್ನು ಶಂಕಿಸುವುದಕ್ಕಲ್ಲ, ಪ್ರಾಮಾಣಿಕನ ತೀರ್ಪಿಗೆ ಕಾವಲಾಗಿ ನಿಲ್ಲುವುದಕ್ಕೆ. ಶಾಲಾ ಫೈನಲ್‌ನಲ್ಲೂ ಅಷ್ಟೇ: ಮಗ ಓದುವ ಶಾಲೆ, ತಾನು ಓದಿದ ಶಾಲೆ, ಹೆಂಡತಿ ಪಾಠ ಮಾಡುವ ಶಾಲೆ ಇವನ್ನೆಲ್ಲ ತೀರ್ಪುಗಾರ ಮೊದಲೇ ಬರೆದುಕೊಡಬೇಕು.

ಹೊಸಬರ ಮಾತನ್ನೂ ಹೇಳಬೇಕು. 2018–19ರ ನಂತರದ ಕೆಲವೇ ವರ್ಷಗಳಲ್ಲಿ ಎಲ್ಲ ಶಾಲಾ ಕ್ರೀಡೆಗಳೂ ಸೇರಿ ಸುಮಾರು 50,000 ತೀರ್ಪುಗಾರರು ಕೈಬಿಟ್ಟರು ಎಂದು ರಾಷ್ಟ್ರೀಯ ಒಕ್ಕೂಟವೇ ಹೇಳಿದೆ. ಬೈಗುಳ ಒಂದು ಕಾರಣ. ಮೇಲೇರುವ ದಾರಿ ಕಾಣದಿರುವುದು ಇನ್ನೊಂದು ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಐವರ ತಂಡಗಳು ಗೆಳೆತನದಿಂದ ಕಟ್ಟಿಕೊಂಡವು. ಇಡೀ ತಂಡವನ್ನೇ ಫೈನಲ್‌ಗೆ ಕಳುಹಿಸುವ ಕಡೆ ಮಹಿಳೆಯರಿಗೆ, ವಲಸಿಗರಿಗೆ, ಯಾರ ಪರಿಚಯವೂ ಇಲ್ಲದವರಿಗೆ ಬಾಗಿಲು ತೆರೆಯುವುದೇ ಇಲ್ಲ. ಮಿಸಿಸಿಪ್ಪಿಯ ಶಾಲಾ ಪಂದ್ಯಗಳಲ್ಲಿ ದುಡಿಯುತ್ತಿದ್ದ ಸಾರಾ ಥಾಮಸ್ ಅವರನ್ನು ಮೇಲಕ್ಕೆ ತಂದದ್ದು ಅವರ ಕೆಲಸವನ್ನು ಮೈದಾನದಲ್ಲೇ ಕಂಡ ಪರಿಣತರ ಕಣ್ಣು. ಅವರು 2021ರಲ್ಲಿ ವೃತ್ತಿಪರ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ತೀರ್ಪು ನೀಡಿದ ಮೊದಲ ಮಹಿಳೆಯಾದರು.

ಆಯ್ಕೆಯಾಗದವರಿಗೆ ನಮ್ಮಲ್ಲಿ ಈಗ ಸಿಗುವುದು ಮೌನ. ಅದರ ಬದಲು ಒಂದು ಪುಟದ ಪತ್ರ ಹೋಗಲಿ: ನಿಮ್ಮ ಇಂತಿಂಥ ನಿರ್ಧಾರಗಳನ್ನು ನೋಡಿದೆವು, ಇಂಥಲ್ಲಿ ನೀವು ನಿಂತ ಜಾಗ ತಪ್ಪಿತ್ತು, ಇಂಥಲ್ಲಿ ನಿಮ್ಮ ಸಂಯಮ ಮೆಚ್ಚುವಂತಿತ್ತು ಎಂದು. ಯಾವುದಕ್ಕೆ ಎಷ್ಟು ತೂಕ ಎಂಬ ಕೋಷ್ಟಕವನ್ನು ಆಗಸ್ಟ್‌ನಲ್ಲಿ, ಮೊದಲ ಪಂದ್ಯಕ್ಕೆ ಮುಂಚೆ, ಶಾಲೆಗಳಿಗೂ ತೀರ್ಪುಗಾರರಿಗೂ ಪಾಲಕರಿಗೂ ಕಾಣುವಂತೆ ಪ್ರಕಟಿಸಲಿ. ಋತು ಶುರುವಾದ ಮೇಲೆ ಅದರಲ್ಲಿ ಒಂದಂಕಿಯನ್ನೂ ಯಾರೂ ಬದಲಿಸಬಾರದು.